ಒಂದು ಉಸಿರು, ಒಂದು ರೆಪ್ಪೆ: ಕೈ ಆಡದವರು ಫೋನು, ಕುರ್ಚಿ, ಮಾತು ನಡೆಸುವ ಬಗೆ

ಇಂಗ್ಲೆಂಡಿನಲ್ಲಿ ಸ್ಟೋಕ್ ಮ್ಯಾಂಡವಿಲ್ ಅಂತ ಒಂದು ಆಸ್ಪತ್ರೆ ಇದೆ. ಬೆನ್ನುಹುರಿಗೆ ಪೆಟ್ಟಾದವರ ಆರೈಕೆಗೆ ಹೆಸರಾದ ಜಾಗ. 1960ರ ಹೊತ್ತಿಗೆ ರೆಜ್ ಮೇಲಿಂಗ್ ಎಂಬಾತ ಅಲ್ಲಿನ ರೋಗಿಗಳನ್ನು ನೋಡಲು ಸ್ವಯಂಸೇವಕನಾಗಿ ಹೋಗುತ್ತಿದ್ದ. ಕುತ್ತಿಗೆಯಿಂದ ಕೆಳಗೆ ಏನೂ ಆಡದವರಿಗೆ ಯಾರನ್ನಾದರೂ ಕರೆಯಬೇಕೆಂದರೆ ಅಲ್ಲಿದ್ದದ್ದು ಒಂದು ಸೀಟಿ ಮಾತ್ರ. ಊದಬೇಕು, ಯಾರಾದರೂ ಬರುವ ತನಕ ಕಾಯಬೇಕು.

ಸೀಟಿ ಊದುವಷ್ಟು ಉಸಿರಿದ್ದರೆ, ಅದೇ ಉಸಿರಿನಿಂದ ಒಂದು ಸ್ವಿಚ್ಚನ್ನೂ ಒತ್ತಬಹುದು ಅಲ್ವಾ? ಮೇಲಿಂಗ್ ಕಟ್ಟಿದ ಯಂತ್ರದ ಹಿಂದಿನ ಲೆಕ್ಕ ಇಷ್ಟೇ. ಬಾಯಲ್ಲಿ ಒಂದು ಕೊಳವೆ. ಊದಿದರೆ ಒಂದು ಸಂಕೇತ, ಹೀರಿದರೆ ಇನ್ನೊಂದು. ಅದರಿಂದ ಟೈಪ್‌ರೈಟರ್ ನಡೆಯುತ್ತಿತ್ತು. ‘ಪೇಷೆಂಟ್ ಆಪರೇಟೆಡ್ ಸೆಲೆಕ್ಟರ್ ಮೆಕ್ಯಾನಿಸಂ’ ಎಂಬ ಉದ್ದನೆಯ ಹೆಸರನ್ನು ಚಿಕ್ಕದು ಮಾಡಿ ‘ಪೋಸಮ್’ ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ಪೋಸಮ್ ಅಂದರೆ ‘ನನ್ನಿಂದ ಆಗುತ್ತದೆ’. ಉಪಕರಣಗಳಿಗೆ ಇಟ್ಟ ಹೆಸರುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು.

ಆಮೇಲೆ ಕಣ್ಣನ್ನು ಹಿಂಬಾಲಿಸುವ ಕ್ಯಾಮೆರಾ ಬಂತು, ಮಾತು ಕೇಳುವ ಫೋನು ಬಂತು, ಮೆದುಳಿಗೆ ಚುಚ್ಚುವ ತಂತಿಯೂ ಬಂತು. ಆದರೆ ಬಹುಪಾಲು ಉಪಕರಣಗಳ ಒಳಗಿನ ಉಪಾಯ ಹಳೆಯದೇ. ದೇಹದಲ್ಲಿ ಇನ್ನೂ ಹೇಳಿದ ಮಾತು ಕೇಳುವ ಒಂದು ಚಲನೆಯನ್ನು ಹುಡುಕುವುದು. ಅದನ್ನು ‘ಹೌದು’ ಎಂದು ಇಟ್ಟುಕೊಳ್ಳುವುದು. ಉಳಿದ ಕೆಲಸವನ್ನೆಲ್ಲ ಯಂತ್ರದ ತಲೆಗೆ ಕಟ್ಟುವುದು.

ಹಾಗಾದರೆ ಏನು ಉಳಿದಿರುತ್ತದೆ? ಇದು ಪೆಟ್ಟು ಎಲ್ಲಿ ಬಿತ್ತು ಎಂಬುದರ ಮೇಲೆ ನಿಂತಿದೆ. ಅಡಿಕೆ ಮರದಿಂದ ಬಿದ್ದ ಒಬ್ಬರು, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಇನ್ನೊಬ್ಬರು ಇದ್ದಾರೆ ಅಂದುಕೊಳ್ಳಿ. ಇಬ್ಬರಿಗೂ ಕುತ್ತಿಗೆಗೇ ಪೆಟ್ಟು. ಡಾಕ್ಟರ ಚೀಟಿಯಲ್ಲಿ ಒಬ್ಬರಿಗೆ ಸಿ4, ಇನ್ನೊಬ್ಬರಿಗೆ ಸಿ6 ಅಂತ ಬರೆದಿದೆ. ಸಿ ಅಂದರೆ ಬೆನ್ನುಹುರಿಯ ಕುತ್ತಿಗೆಯ ಭಾಗ, ಅಂಕಿ ಅಂದರೆ ಮೇಲಿನಿಂದ ಕೆಳಗೆ ಎಣಿಸಿದ ಮಟ್ಟ. ನಮ್ಮ ಕಣ್ಣಿಗೆ ಎರಡು ಅಂಕಿ ವ್ಯತ್ಯಾಸ. ಬದುಕಿನಲ್ಲಿ ಅದು ಭಾರೀ ವ್ಯತ್ಯಾಸ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ನರ ಹೋಗುವುದು ಸಿ3, ಸಿ4, ಸಿ5ರಿಂದ. ಮೊಣಕೈ ಮಡಚಲು ಸಿ5 ಬೇಕು. ಮಣಿಕಟ್ಟು ಮೇಲೆತ್ತಲು ಸಿ6. ಮೊಣಕೈ ನೀಡಲು ಸಿ7. ಬೆರಳು ಮಡಚಲು ಸಿ8. ಸಿ6 ಉಳಿದವರು ಅಂಗೈಗೆ ಪಟ್ಟಿ ಕಟ್ಟಿಕೊಂಡು, ಅದಕ್ಕೆ ಕಡ್ಡಿ ಸಿಕ್ಕಿಸಿ ಫೋನ್ ಮುಟ್ಟಬಹುದು. ಸಿ4ಕ್ಕೆ ಪೂರ್ತಿ ಪೆಟ್ಟಾದವರಿಗೆ ಕೈ ಲೆಕ್ಕಕ್ಕೇ ಸಿಗುವುದಿಲ್ಲ.

ಆದರೆ ಇಬ್ಬರಿಗೂ ಮುಖ ಆಡುತ್ತದೆ, ಕಣ್ಣು ತಿರುಗುತ್ತದೆ, ನಾಲಿಗೆ ಹೊರಳುತ್ತದೆ. ಏಕೆಂದರೆ ಈ ಅಂಗಗಳ ನರಗಳು ಬೆನ್ನುಹುರಿಯ ದಾರಿ ಹಿಡಿಯುವುದೇ ಇಲ್ಲ. ಮೆದುಳಿನಿಂದ ಹನ್ನೆರಡು ಜೊತೆ ನರಗಳು ನೇರವಾಗಿ ಹೊರಡುತ್ತವೆ. ಕಣ್ಣು, ಕೆನ್ನೆ, ತುಟಿ, ನಾಲಿಗೆ ಇವುಗಳ ಪಾಲು. ಊರಿಗೆ ಹೋಗುವ ಹೆದ್ದಾರಿ ಕುಸಿದರೂ ಬಸ್‌ಸ್ಟ್ಯಾಂಡ್ ಪಕ್ಕದ ಬೀದಿಗಳಲ್ಲಿ ಓಡಾಟ ನಿಲ್ಲುವುದಿಲ್ಲವಲ್ಲ, ಹಾಗೆ. ಕೈ ಬೇಡದ ಉಪಕರಣಗಳೆಲ್ಲ ತಲೆಯ ಸುತ್ತಲೇ ಸುತ್ತುವುದು ಇದಕ್ಕೇ.

ಎಲ್ಲ ಕಾಯಿಲೆಯೂ ಹೀಗಿರುವುದಿಲ್ಲ. ಸ್ನಾಯು ಆಡಿಸುವ ನರಗಳನ್ನೇ ಸಾಯಿಸುತ್ತಾ ಹೋಗುವ ಎ.ಎಲ್.ಎಸ್. ಎಂಬ ರೋಗ ನಾಲಿಗೆಯನ್ನೂ ಕೆನ್ನೆಯನ್ನೂ ಬಿಡುವುದಿಲ್ಲ. ಆದರೆ ಕಣ್ಣಿನ ಚಲನೆ ಸಾಮಾನ್ಯವಾಗಿ ಬಹಳ ಕಾಲ ಉಳಿಯುತ್ತದೆ. ಮೆದುಳಿನ ಕಾಂಡದಲ್ಲಿ ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಪೂರ್ತಿ ಎಚ್ಚರ ಇರುತ್ತದೆ, ಎಲ್ಲ ಅರ್ಥವಾಗುತ್ತದೆ. ಆದರೂ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಮುಚ್ಚಿ ತೆರೆಯುವುದು, ಇಷ್ಟೇ ಸಾಧ್ಯ. ಮನೆಯವರು ‘ಪ್ರಜ್ಞೆ ಇಲ್ಲ’ ಅಂದುಕೊಂಡು ಅವರ ಎದುರೇ ಆಸ್ತಿ ಮಾತಾಡುವುದು ಇಂಥಲ್ಲೇ. ಮೊದಲು ‘ಮೇಲೆ ನೋಡಿದರೆ ಹೌದು’ ಎಂದು ಹೇಳಿ ಒಂದು ಪ್ರಶ್ನೆ ಕೇಳಿ ನೋಡಿ.

ಒಂದು ‘ಹೌದು’ ಸಿಕ್ಕಿತು. ಅದರಿಂದ ಪೂರ್ತಿ ವಾಕ್ಯ ಹೊರಡಿಸುವುದು ಹೇಗೆ? ಇಲ್ಲಿ ಬರುವುದೇ ‘ಸ್ಕ್ಯಾನಿಂಗ್’. ಪರದೆಯ ಮೇಲೆ ಅಕ್ಷರಗಳಿವೆ. ಬೆಳಕಿನ ಒಂದು ಚೌಕ ಅಕ್ಷರದಿಂದ ಅಕ್ಷರಕ್ಕೆ ತಾನಾಗಿ ಸರಿಯುತ್ತಾ ಹೋಗುತ್ತದೆ. ಬೇಕಾದ ಅಕ್ಷರದ ಮೇಲೆ ಬಂದಾಗ ನೀವು ಸ್ವಿಚ್ ಒತ್ತುತ್ತೀರಿ. ಅಂದರೆ ಹುಡುಕುವ ಕೆಲಸ ಯಂತ್ರದ್ದು, ತಡೆದು ನಿಲ್ಲಿಸುವುದು ಮಾತ್ರ ನಿಮ್ಮದು.

ಇದು ಎಷ್ಟು ನಿಧಾನ ಅಂತ ‘ನೀರು’ ಎಂಬ ಪದದಲ್ಲೇ ನೋಡಿಬಿಡೋಣ. ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲಿನಲ್ಲೇ ಹೋದರೆ, ಅಂ ಅಃ ಸೇರಿಸಿ, ‘ನ’ ಬರುವುದು 35ನೆಯದಾಗಿ. ದೀರ್ಘ ಹಚ್ಚಲು ‘ಈ’ಗೆ 4. ‘ರ’ಗೆ 42. ಕೊಂಬಿಗೆ ‘ಉ’ ಅಂದರೆ 5. ಒಟ್ಟು 86 ಹೆಜ್ಜೆ. ಹೆಜ್ಜೆಗೆ ಒಂದು ಸೆಕೆಂಡ್ ಅಂದರೂ ಒಂದೂವರೆ ನಿಮಿಷ. ಬಾಯಾರಿಕೆ ಹೇಳಿಕೊಳ್ಳಲು!

ಇದಕ್ಕೆ ಮದ್ದು ನಮ್ಮ ವರ್ಣಮಾಲೆಯಲ್ಲೇ ಇದೆ. ಕ ಚ ಟ ತ ಪ ಎಂದು ಐದು ವರ್ಗ, ಪ್ರತಿ ವರ್ಗದಲ್ಲಿ ಐದು ಅಕ್ಷರ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಈ ಐದರ ಚೌಕ ಸ್ಕ್ಯಾನಿಂಗಿಗೆ ಹೇಳಿ ಮಾಡಿಸಿದಂತಿದೆ. ಮೊದಲು ಸಾಲು ಆರಿಸಿ, ಆಮೇಲೆ ಸಾಲಿನೊಳಗೆ ಅಕ್ಷರ. ಸ್ವರಗಳದ್ದು ಒಂದನೇ ಸಾಲು, ಕ ವರ್ಗ ಎರಡನೆಯದು, ಹೀಗೆ ಹೋದರೆ ‘ನ’ ಐದನೇ ಸಾಲಿನ ಐದನೇ ಅಕ್ಷರ. ಹತ್ತು ಹೆಜ್ಜೆ. ‘ಈ’ಗೆ ಐದು, ‘ರ’ಗೆ ಒಂಬತ್ತು, ‘ಉ’ಗೆ ಆರು. 86 ಇದ್ದದ್ದು 30ಕ್ಕೆ ಇಳಿಯಿತು.

ಇನ್ನೂ ಇಳಿಸಬಹುದು. ಙ, ಞ, ಝ ದಿನಕ್ಕೆಷ್ಟು ಸಲ ಬೇಕಾಗುತ್ತವೆ ಹೇಳಿ? ಬಳಕೆ ಜಾಸ್ತಿ ಇರುವ ನ, ತ, ದ ಇರುವ ಸಾಲನ್ನು ಸ್ವರಗಳ ಕೆಳಗೇ ತಂದು, ಅದರಲ್ಲಿ ‘ನ’ವನ್ನು ಮೊದಲು ಕೂರಿಸಿ. ಮೂರನೇ ಸಾಲಿನ ಮೊದಲಿಗೆ ‘ರ’ ಇಡಿ. ಈಗ 3, 5, 4, 6. ಒಟ್ಟು 18. ಜೊತೆಗೆ ಪದ ಊಹಿಸುವ ಸವಲತ್ತು ಇದ್ದರೆ ‘ನೀ’ ಆಗುತ್ತಲೇ ನೀರು, ನೀವು, ನೀನು ಎಂದು ಮೇಲೆ ಬಂದು ನಿಲ್ಲುತ್ತವೆ.

ಕನ್ನಡಕ್ಕೆ ಒಂದು ತೊಡಕೂ ಇದೆ. ಇಂಗ್ಲಿಷಿನ 26 ಅಕ್ಷರ ಒಂದಾದ ಮೇಲೆ ಒಂದು ಬಂದು ಕೂರುತ್ತವೆ. ನಮ್ಮಲ್ಲಿ ವ್ಯಂಜನ ಆರಿಸಬೇಕು, ಗುಣಿತ ಹಚ್ಚಬೇಕು, ಒತ್ತು ಬಂದರೆ ಇನ್ನೊಂದು ಸುತ್ತು. ಆದರೆ ಓದುತ್ತಿರುವುದು ಯಂತ್ರವಲ್ಲ, ಪಕ್ಕದಲ್ಲಿ ಕೂತ ಹೆಂಡತಿಯೋ ಮಗನೋ ಆದರೆ ಗುಣಿತವನ್ನೇ ಬಿಡಬಹುದು. ಒಂದು ರಟ್ಟಿನ ಮೇಲೆ ಸಾಲುಗಳನ್ನು ಬರೆದುಕೊಳ್ಳಿ. ಬೆರಳಿಟ್ಟು ಸಾಲು ಕೇಳುತ್ತಾ ಹೋಗಿ. ಅವರು ರೆಪ್ಪೆ ಮುಚ್ಚಿ ‘ನ’ ಅಂದರು, ‘ರ’ ಅಂದರು. ‘ನೀರು ಬೇಕಾ?’ ಎಂದು ನೀವೇ ಕೇಳುತ್ತೀರಿ. ಏಳು ಹೆಜ್ಜೆಯಲ್ಲಿ ಕೆಲಸ ಮುಗಿಯಿತು. ಮನೆಯವರಷ್ಟು ಚೆನ್ನಾಗಿ ಊಹಿಸುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ. ಒಂದೇ ಎಚ್ಚರ: ಊಹೆ ತಪ್ಪಾದಾಗ ‘ಅಲ್ಲ’ ಅನ್ನಲು ಅವರಿಗೆ ಒಂದು ಚಲನೆ ಇರಲಿ. ಇಲ್ಲದಿದ್ದರೆ ನೀವು ಅವರ ಮಾತನ್ನಲ್ಲ, ನಿಮ್ಮ ಮಾತನ್ನೇ ಬರೆಯುತ್ತಿರುತ್ತೀರಿ.

ಇನ್ನು ಕಣ್ಣು. ಕಣ್ಣಿನಿಂದ ಕಂಪ್ಯೂಟರ್ ನಡೆಸುವುದು ನೋಡುವವರಿಗೆ ಮಾಯೆಯಂತೆ ಕಾಣುತ್ತದೆ. ಒಳಗಿನ ಲೆಕ್ಕ ಸರಳ. ಪರದೆಯ ಕೆಳಗೆ ಇಟ್ಟ ಪಟ್ಟಿಯಂಥ ಸಾಧನ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮುಖದ ಮೇಲೆ ಬಿಡುತ್ತದೆ. ಕಣ್ಣಿನ ಹೊರಪದರದ ಮೇಲೆ ಅದರ ಒಂದು ಪುಟ್ಟ ಹೊಳಪು ಮೂಡುತ್ತದೆ. ತಲೆ ಅಲ್ಲಾಡದೆ ಕಣ್ಣು ಮಾತ್ರ ತಿರುಗಿದರೆ ಆ ಹೊಳಪು ಹೆಚ್ಚು ಕದಲುವುದಿಲ್ಲ, ಕಣ್ಣಿನ ಪಾಪೆ ಕದಲುತ್ತದೆ. ಇವೆರಡರ ನಡುವಿನ ಅಂತರದಿಂದ ನೋಟ ಎಲ್ಲಿದೆ ಎಂದು ಕ್ಯಾಮೆರಾ ಲೆಕ್ಕ ಹಾಕುತ್ತದೆ. ಶುರುವಿನಲ್ಲಿ ಐದೋ ಒಂಬತ್ತೋ ಚುಕ್ಕಿ ತೋರಿಸಿ ‘ಇದನ್ನು ನೋಡಿ’ ಅನ್ನುವುದು ಈ ಲೆಕ್ಕವನ್ನು ನಿಮ್ಮ ಕಣ್ಣಿಗೆ ಹೊಂದಿಸಲು.

ಸಮಸ್ಯೆ ಇರುವುದು ಆಮೇಲೆ. ಭಸ್ಮಾಸುರ ಕೈ ಇಟ್ಟಲ್ಲೆಲ್ಲ ಬೂದಿಯಾದಂತೆ, ಕಣ್ಣು ಬಿದ್ದಲ್ಲೆಲ್ಲ ಕ್ಲಿಕ್ ಆದರೆ ಗತಿ ಏನು? ಓದಲೂ ಅದೇ ಕಣ್ಣು, ಒತ್ತಲೂ ಅದೇ ಕಣ್ಣು. ಸುಮ್ನೆ ಕಣ್ಣಾಡಿಸುವುದಕ್ಕೂ ‘ಇದು ಬೇಕು’ ಅನ್ನುವುದಕ್ಕೂ ವ್ಯತ್ಯಾಸ ಯಂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೇ ಒಂದು ಗುಂಡಿಯ ಮೇಲೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ನೋಟ ನಿಂತರೆ ಮಾತ್ರ ಒತ್ತಿದಂತೆ ಎಂಬ ನಿಯಮ ಮಾಡಿದ್ದಾರೆ. ಸಮಯ ಕಡಿಮೆ ಇಟ್ಟರೆ ಬೇಡದ್ದೆಲ್ಲ ಒತ್ತಿಹೋಗುತ್ತದೆ. ಜಾಸ್ತಿ ಇಟ್ಟರೆ ದಿಟ್ಟಿಸಿ ದಿಟ್ಟಿಸಿ ಕಣ್ಣು ಸೋಲುತ್ತದೆ. ಈ ಒಂದು ಅಂಕಿಯನ್ನು ಹೊಂದಿಸಲು ಒಂದು ವಾರ ಹೋದರೂ ನಷ್ಟವಿಲ್ಲ.

ಗುರಿಯೂ ಸೂಜಿಮೊನೆಯಷ್ಟು ನಿಖರವಲ್ಲ. ನೋಟದ ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೂ 60 ಸೆಂಟಿಮೀಟರ್ ದೂರದ ಪರದೆಯಲ್ಲಿ ಅದು ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ಹಾಗಾಗಿ ಗುಂಡಿಗಳು ದೊಡ್ಡವಿರಬೇಕು. 49 ಅಕ್ಷರಗಳನ್ನು ಒಂದೇ ಪರದೆಗೆ ತುರುಕಿದ ಕೀಬೋರ್ಡ್ ಇಲ್ಲಿ ಸೋಲುತ್ತದೆ. ವರ್ಗ ಮೊದಲು, ಅಕ್ಷರ ಆಮೇಲೆ ಎಂಬ ಅದೇ ಹಳೆಯ ಉಪಾಯ ಇಲ್ಲೂ ಕೈ ಹಿಡಿಯುತ್ತದೆ. ಕಿಟಕಿಯಿಂದ ಬಿಸಿಲು ನೇರ ಮುಖಕ್ಕೆ ಬಿದ್ದರೆ, ರೆಪ್ಪೆ ಜೋತುಬಿದ್ದಿದ್ದರೆ ಕ್ಯಾಮೆರಾ ತಡವರಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡ ಈ ದಾರಿಯಲ್ಲಿ ಕೆಲಸ ಮಾಡಿದೆ. ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯ ಸೆರೆಬ್ರಲ್ ಪಾಲ್ಸಿ (ಎಳೆತನದಲ್ಲೇ ಮೆದುಳಿಗಾದ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ವಿದ್ಯಾರ್ಥಿಗಳ ಜೊತೆ ಸೇರಿ, ವೆಬ್‌ಕ್ಯಾಮ್ ಮುಂದೆ ಕಣ್ಣಾಡಿಸಿ ಒಂದು ರೋಬೋಟ್ ತೋಳಿನಿಂದ ವಸ್ತು ಎತ್ತಿ ಇಡಿಸುವ ವ್ಯವಸ್ಥೆ ಮಾಡಿದರು. ಈ ಮಕ್ಕಳಿಗೆ ನೋಟವನ್ನು ಒಂದೇ ಕಡೆ ನಿಲ್ಲಿಸುವುದೂ ಕಷ್ಟ. ಹೊರಗಿನಿಂದ ತಂದ ಸಾಫ್ಟ್‌ವೇರನ್ನು ಸುಮ್ಮನೆ ಅವರ ಮುಂದೆ ಇಟ್ಟರೆ ಕೆಲಸ ಆಗುವುದಿಲ್ಲ.

‘ಒಳ್ಳೆಯದು ಅಂದರೆ ಯಾವುದು?’ ಎಂದು ಕೇಳುವವರಿಗೆ ನಾನು ಸ್ಟೀಫನ್ ಹಾಕಿಂಗ್ ಅವರ ಕಥೆ ಹೇಳುತ್ತೇನೆ. ಎ.ಎಲ್.ಎಸ್. ಬಂದಿದ್ದ ಅವರು 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಮಾತು ಕಳೆದುಕೊಂಡರು. ಮೊದಲಿಗೆ ಕೈಯಲ್ಲಿ ಸ್ವಿಚ್ ಒತ್ತಿ ಪದ ಆರಿಸುತ್ತಿದ್ದರು. ಬೆರಳು ಸೋತ ಮೇಲೆ ಕನ್ನಡಕಕ್ಕೆ ಕಟ್ಟಿದ ಇನ್‌ಫ್ರಾರೆಡ್ ಸಾಧನ ಅವರ ಕೆನ್ನೆಯ ಸ್ನಾಯು ಮಿಡಿಯುವುದನ್ನು ಹಿಡಿಯುತ್ತಿತ್ತು. ಇಂಟೆಲ್ ಕಂಪನಿಯ ಎಂಜಿನಿಯರುಗಳು ಅವರಿಗಾಗಿ ವರ್ಷಗಟ್ಟಲೆ ದುಡಿದರು. ಕಣ್ಣಿನ ಕ್ಯಾಮೆರಾ ಪ್ರಯತ್ನಿಸಿದರು. ರೆಪ್ಪೆ ಇಳಿಬಿದ್ದದ್ದರಿಂದ ಹೊಂದಲಿಲ್ಲ. ತಲೆಗೆ ಟೋಪಿ ಹಾಕಿ ಮೆದುಳಿನ ಅಲೆ ಹಿಡಿಯಲು ನೋಡಿದರು; ಸಂಕೇತ ಸಾಕಷ್ಟು ಬಲವಾಗಿ ಸಿಗಲಿಲ್ಲ. ಕೊನೆಗೆ ಮತ್ತೆ ಅದೇ ಕೆನ್ನೆ, ಅದೇ ಸ್ಕ್ಯಾನಿಂಗ್. ಬದಲಾದದ್ದು ಪದ ಊಹಿಸುವ ಸಾಫ್ಟ್‌ವೇರ್. ಅದರ ತಳಪಾಯವನ್ನು ಇಂಟೆಲ್ 2015ರಲ್ಲಿ ‘ಎಕ್ಯಾಟ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಜಗತ್ತಿನ ದುಬಾರಿ ಉಪಕರಣವೆಲ್ಲ ಸಿಗಬಲ್ಲ ಮನುಷ್ಯನಿಗೂ ಒಗ್ಗಿದ್ದು ಕೆನ್ನೆಯ ಒಂದು ಮಿಡಿತ.

ತಲೆಯನ್ನು ಚೆನ್ನಾಗಿ ಆಡಿಸಬಲ್ಲವರಿಗೆ ಕಣ್ಣಿಗಿಂತ ತಲೆಯೇ ಮೇಲು. ಸಾಮಾನ್ಯ ವೆಬ್‌ಕ್ಯಾಮ್ ಮೂಗಿನ ತುದಿಯನ್ನು ಹಿಡಿದುಕೊಂಡು ಬಾಣದ ಗುರುತನ್ನು ಅತ್ತಿತ್ತ ಒಯ್ಯುತ್ತದೆ. ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ಮಾಡಿದ ‘ಕ್ಯಾಮೆರಾ ಮೌಸ್’ ಉಚಿತ ಸಾಫ್ಟ್‌ವೇರ್ ಇಂಥದ್ದೇ. ನಾಲಿಗೆಗೆ ಪುಟ್ಟ ಅಯಸ್ಕಾಂತ ಚುಚ್ಚಿಸಿಕೊಂಡು ಅದರಿಂದ ವೀಲ್‌ಚೇರ್ ನಡೆಸುವ ಪ್ರಯೋಗವೂ ಆಗಿದೆ.

ದನಿ ಇದ್ದವರಿಗೆ ದನಿ. ಗೂಗಲ್‌ನಲ್ಲಿ ಕನ್ನಡದಲ್ಲಿ ಹೇಳಿ ಬರೆಸುವುದು 2017ರಿಂದ ಸಾಧ್ಯವಾಗಿದೆ. ಬರೆಸುವುದು ಬೇರೆ, ಫೋನನ್ನೇ ನಡೆಸುವುದು ಬೇರೆ. ಆಂಡ್ರಾಯ್ಡ್‌ನ ವಾಯ್ಸ್ ಆಕ್ಸೆಸ್ ಪರದೆಯ ಪ್ರತಿ ಗುಂಡಿಗೂ ಒಂದು ನಂಬರ್ ಹಚ್ಚುತ್ತದೆ, ನೀವು ಇಂಗ್ಲಿಷಿನಲ್ಲಿ ಆ ನಂಬರ್ ಹೇಳಿದರೆ ಒತ್ತಿಕೊಳ್ಳುತ್ತದೆ. ಒಂದರಿಂದ ಮೂವತ್ತರ ತನಕ ಇಂಗ್ಲಿಷ್ ಅಂಕಿ ಗೊತ್ತಿದ್ದರೆ ಅರ್ಧ ಗೆದ್ದಂತೆ. ಆದರೆ ಕುತ್ತಿಗೆಗೆ ಪೆಟ್ಟಾದವರ ಉಸಿರು ಚಿಕ್ಕದು, ಸಂಜೆಯ ಹೊತ್ತಿಗೆ ದನಿ ಬಾಡುತ್ತದೆ. ಬೆಳಿಗ್ಗೆ ಕೇಳಿದ ಫೋನು ರಾತ್ರಿ ಕೇಳುವುದಿಲ್ಲ. ಟಿ.ವಿ. ಜೋರಾಗಿದ್ದರಂತೂ ಮುಗಿಯಿತು.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ಇವುಗಳಲ್ಲಿ ಎಷ್ಟೋ ಈಗಾಗಲೇ ಜೇಬಿನಲ್ಲಿರುವ ಫೋನಿನೊಳಗೇ ಇವೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸಿಬಿಲಿಟಿ’ ಎಂಬ ವಿಭಾಗ ಇದೆ. ಅದರೊಳಗೆ ಹಲವು ಫೋನುಗಳಲ್ಲಿ, ಸ್ವಿಚ್ಚಿನಿಂದಲೇ ಸ್ಕ್ಯಾನಿಂಗ್ ಮಾಡಿ ಫೋನು ನಡೆಸುವ ‘ಸ್ವಿಚ್ ಆಕ್ಸೆಸ್’ ಸಿಗುತ್ತದೆ. 2021ರಿಂದ ಅದಕ್ಕೆ ಮುಂದಿನ ಕ್ಯಾಮೆರಾವನ್ನೇ ಸ್ವಿಚ್ ಆಗಿ ಬಳಸುವ ಸವಲತ್ತು ಸೇರಿದೆ. ನಗುವುದು, ಬಾಯಿ ತೆರೆಯುವುದು, ಹುಬ್ಬೇರಿಸುವುದು, ಎಡಕ್ಕೆ, ಬಲಕ್ಕೆ, ಮೇಲಕ್ಕೆ ನೋಡುವುದು, ಈ ಆರರಲ್ಲಿ ಯಾವುದು ನಿಮಗೆ ಸುಲಭವೋ ಅದನ್ನು ‘ಒತ್ತು’ ಎಂದು ಇಟ್ಟುಕೊಳ್ಳಬಹುದು. ಐಫೋನಿನಲ್ಲಿ ಸ್ವಿಚ್ ಕಂಟ್ರೋಲ್ 2013ರಿಂದ, ವಾಯ್ಸ್ ಕಂಟ್ರೋಲ್ 2019ರಿಂದ ಇದೆ. 2024ರಲ್ಲಿ ಕಣ್ಣಿನ ನೋಟ ಹಿಡಿಯುವುದೂ ಬಂತು.

ಹೊರಗಿನ ಸ್ವಿಚ್ ಬೇಕೆಂದರೂ ಹೆದರಬೇಕಿಲ್ಲ. ಈ ಲೋಕದ ಸ್ವಿಚ್ಚುಗಳೆಲ್ಲ ಹೆಚ್ಚಾಗಿ 3.5 ಮಿಲಿಮೀಟರ್ ಪಿನ್ನಿನವು, ಹಳೆಯ ಇಯರ್‌ಫೋನಿನ ಅಳತೆಯದ್ದೇ. ಕೈ ಸರಿಯಾಗಿ ಆಡದವರೂ ವಿಡಿಯೊ ಗೇಮ್ ಆಡಲೆಂದು ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನ ಬೆನ್ನಿಗೆ ಸಾಲಾಗಿ ಇರುವುದೂ ಇದೇ ಅಳತೆಯ ತೂತುಗಳು. ಇನ್ನೂ ಅಗ್ಗದ ದಾರಿ ಎಂದರೆ, ರೇಡಿಯೊ ರಿಪೇರಿ ಗೊತ್ತಿರುವವರು ಒಂದು ಮಾಮೂಲಿ ಮೌಸ್ ಬಿಚ್ಚಿ, ಎಡ ಬಟನ್ನಿಗೆ ಎರಡು ವೈರ್ ಬೆಸೆದು ಇಂಥ ತೂತು ಕೂರಿಸಿಕೊಡಬಲ್ಲರು. ಅಲ್ಲಿಗೆ ಯಾವ ಸ್ವಿಚ್ ಸಿಕ್ಕಿಸಿದರೂ ಅದು ಮೌಸಿನ ಕ್ಲಿಕ್.

ವೀಲ್‌ಚೇರಿಗೆ ಉಸಿರಿನ ಕೊಳವೆ ಇಂದಿಗೂ ಚಾಲ್ತಿಯಲ್ಲಿದೆ. ಸಾಮಾನ್ಯವಾಗಿ ಜೋರಾಗಿ ಊದಿದರೆ ಮುಂದೆ, ಜೋರಾಗಿ ಹೀರಿದರೆ ಹಿಂದೆ, ಮೆಲ್ಲಗೆ ಊದಿದರೆ ಬಲಕ್ಕೆ, ಮೆಲ್ಲಗೆ ಹೀರಿದರೆ ಎಡಕ್ಕೆ. ಕುರ್ಚಿ ಓಡಿಸುವುದಕ್ಕಿಂತ ಮುಖ್ಯ ಕೆಲಸ ಇನ್ನೊಂದು: ಕುರ್ಚಿಯನ್ನು ತಾವೇ ಹಿಂದಕ್ಕೆ ವಾಲಿಸಿಕೊಳ್ಳುವುದು. ಒಂದೇ ಕಡೆ ಭಾರ ಬಿದ್ದು ಒತ್ತುಹುಣ್ಣು ಆಗದಂತೆ ಅದು ಕಾಯುತ್ತದೆ.

ಎಲ್ಲಕ್ಕಿಂತ ಮೊದಲು ಬೇಕಾದ್ದು ಕರೆಗಂಟೆ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟವಾದ ಟಿ6ರಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಕೋಶ ತುಂಬಿ ಬಿಗಿದರೂ, ಮೂತ್ರ ಹೊರಗೆ ಹರಿಸುವ ಕೊಳವೆಯಾದ ಕ್ಯಾತಿಟರ್ ಮಡಚಿಕೊಂಡರೂ ರಕ್ತದೊತ್ತಡ ಒಮ್ಮೆಲೇ ಅಪಾಯದ ಮಟ್ಟಕ್ಕೆ ಏರಬಹುದು. ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸಲೇಬೇಕು. ಲಕ್ಷಗಟ್ಟಲೆ ಬೆಲೆಯ ಕಣ್ಣಿನ ಕ್ಯಾಮೆರಾ ಇದ್ದು, ರಾತ್ರಿ ಕೆನ್ನೆಯ ಪಕ್ಕ ಒಂದು ಗಂಟೆಯ ಸ್ವಿಚ್ ಇಲ್ಲದ ಮನೆಯಲ್ಲಿ ಕೆಲಸ ತಲೆಕೆಳಗಾಗಿದೆ ಅಂತಲೇ ಅರ್ಥ.

ಮೆದುಳಿನ ತಂತಿಯ ವಿಷಯ ಪೇಪರಿನಲ್ಲಿ ಜಾಸ್ತಿ ಬರುತ್ತದೆ, ಹಾಗಾಗಿ ಎರಡು ಮಾತು. ಕೈ ಆಡಿಸಲು ನೆನೆದಾಗ, ಕೈ ಆಡದಿದ್ದರೂ, ಮೆದುಳಿನ ಆ ಭಾಗದ ನರಕೋಶಗಳು ಮಿಡಿಯುತ್ತವೆ. ಆ ಮಿಡಿತ ಹಿಡಿದು ಬಾಣದ ಗುರುತು ಸರಿಸುವುದೇ ಇದರ ಕೆಲಸ. 2004ರಲ್ಲಿ ಅಮೆರಿಕದ ಮ್ಯಾಥ್ಯೂ ನೇಗಲ್ ಅವರಿಗೆ ‘ಬ್ರೈನ್‌ಗೇಟ್’ ಪ್ರಯೋಗದಲ್ಲಿ ಕೂರಿಸಿದ ಚಿಪ್ಪಿನಲ್ಲಿ 96 ವಿದ್ಯುದ್ವಾರಗಳಿದ್ದವು. 2021ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬರು ಮನಸ್ಸಿನಲ್ಲೇ ಕೈಬರಹ ಬರೆದಂತೆ ನೆನೆದು ನಿಮಿಷಕ್ಕೆ 90 ಅಕ್ಷರ ಮೂಡಿಸಿದರು. ಎಲಾನ್ ಮಸ್ಕ್ ಅವರ ನ್ಯೂರಾಲಿಂಕ್ 2024ರ ಜನವರಿಯಲ್ಲಿ ಮೊದಲ ವ್ಯಕ್ತಿಗೆ ಚಿಪ್ ಹಾಕಿತು. ಕೆಲವು ವಾರಗಳಲ್ಲಿ ಅದರ ಎಳೆಗಳಲ್ಲಿ ಎಷ್ಟೋ ಜಾಗ ಬಿಟ್ಟು ಸರಿದವು, ಸಾಫ್ಟ್‌ವೇರ್ ತಿದ್ದಿ ಸಂಭಾಳಿಸಿದರು. ಇದು ನಿಜವಾಗಿಯೂ ದೊಡ್ಡ ಹೆಜ್ಜೆ. ಆದರೆ ತಲೆಬುರುಡೆ ತೆರೆಯುವ ಶಸ್ತ್ರಚಿಕಿತ್ಸೆ, ಇನ್ನೂ ಪ್ರಯೋಗದ ಹಂತ. ಅದಕ್ಕಾಗಿ ಕಾದು ಕೂತು ಇವತ್ತಿನ ಸ್ವಿಚ್ಚನ್ನು ಮುಂದೂಡಬೇಡಿ.

ತಂದ ಉಪಕರಣ ಮೂಲೆ ಸೇರುವುದು ಏಕೆ? 1993ರಲ್ಲಿ ಅಮೆರಿಕದಲ್ಲಿ ಅಂಗವೈಕಲ್ಯ ಇರುವ 227 ವಯಸ್ಕರನ್ನು ಕೇಳಿ ನಡೆಸಿದ ಒಂದು ಅಧ್ಯಯನದಲ್ಲಿ, ಅವರ ಸಹಾಯಕ ಸಾಧನಗಳಲ್ಲಿ ಶೇ 29.3ರಷ್ಟನ್ನು ಪೂರ್ತಿ ಬಿಟ್ಟುಬಿಟ್ಟಿದ್ದರು. ಮುಖ್ಯ ಕಾರಣಗಳಲ್ಲಿ ಒಂದು, ಕೊಡುವಾಗ ಅವರ ಅಭಿಪ್ರಾಯವನ್ನೇ ಕೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ವಿದೇಶದಲ್ಲಿರುವ ಮಗ ದುಬಾರಿ ಸಾಧನ ಕಳಿಸುತ್ತಾನೆ. ಅಪ್ಪನಿಗೆ ಬೇಕಿದ್ದದ್ದು ಕಿವಿಯ ಹತ್ತಿರ ಫೋನು, ಫ್ಯಾನಿನ ವೇಗ ತಾನೇ ಬದಲಿಸುವುದು, ಅಷ್ಟೇ. ಕೊಳ್ಳುವ ಮೊದಲು ತೋರಿಸಬೇಕಾದವರು ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ದಾರಿ ತೋರಿಸುವ ತಜ್ಞರು. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎ.ಪಿ.ಡಿ. (ಅಸೋಸಿಯೇಶನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಬೆನ್ನುಹುರಿ ಪೆಟ್ಟಾದವರ ಪುನಶ್ಚೇತನದಲ್ಲಿ ಕೆಲಸ ಮಾಡುತ್ತದೆ. ಮಾತಿನ ಬದಲಿ ದಾರಿಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಇನ್ನೊಂದು ಕಾರಣ ತೀರಾ ಸಣ್ಣದು, ಆದರೆ ಇದೇ ಹೆಚ್ಚು ಕಾಡುವುದು. ಸ್ವಿಚ್ ಒಂದು ಅಂಗುಲ ಸರಿದರೂ ಅದು ಇಲ್ಲದಂತೆಯೇ. ಬೆಳಿಗ್ಗೆ ಮಗಳು ಸರಿಯಾಗಿ ಇಟ್ಟಿರುತ್ತಾಳೆ. ಮಧ್ಯಾಹ್ನ ಮಗ್ಗುಲು ಬದಲಿಸಿದ ಆಯಾ ಅದನ್ನು ಸರಿಸಿ ಹೋಗಿರುತ್ತಾರೆ. ಸರಿಸಿದ್ದನ್ನು ಹೇಳಲೂ ಅದೇ ಸ್ವಿಚ್ ಬೇಕು! ಅದಕ್ಕೆ ಸರಿಯಾಗಿ ಕೂರಿಸಿದ ದಿನವೇ ಎರಡು ಫೋಟೊ ತೆಗೆಯಿರಿ, ಎದುರಿನಿಂದ ಒಂದು, ಪಕ್ಕದಿಂದ ಒಂದು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿ. ಸ್ಟ್ಯಾಂಡಿನ ಕೀಲುಗಳಿಗೆ ನೇಲ್ ಪಾಲಿಶ್ ಗುರುತು ಹಾಕಿ. ಅದರ ಪಕ್ಕದಲ್ಲೇ ಒಂದು ಮೊಳೆ ಹೊಡೆದು ವರ್ಗ ಬರೆದ ಆ ರಟ್ಟನ್ನೂ ತೂಗುಹಾಕಿ. ಕರೆಂಟು ಹೋದ ರಾತ್ರಿ, ಟಾರ್ಚ್ ಬೆಳಕಿನಲ್ಲಿ ಬೆರಳಿಟ್ಟು ಕೇಳಲು ಅದು ಬೇಕಾಗುತ್ತದೆ.